ಗಾಲ್ಫ್ ಸ್ವಿಂಗ್: ತಿರುಗಬೇಕಾದದ್ದು ಯಾವುದು, ಹಿಡಿದು ನಿಲ್ಲಬೇಕಾದದ್ದು ಯಾವುದು

(ಬೆಂಗಳೂರಿನಲ್ಲಿ ಹವ್ಯಾಸಿ ಗಾಲ್ಫ್ ಆಟಗಾರರ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾನು ಫಿಸಿಯೋಥೆರಪಿಸ್ಟ್, ಗಾಲ್ಫ್ ಕೋಚ್ ಅಲ್ಲ. ಸ್ಲೈಸ್, ಅಂದರೆ ಚೆಂಡು ಪಕ್ಕಕ್ಕೆ ಬಾಗಿ ಹೋಗುವುದನ್ನು, ಸರಿ ಮಾಡಿಸಿಕೊಳ್ಳೋಣ ಅಂತ ಯಾರಾದರೂ ಬಂದಿದ್ದರೆ ನನ್ನಿಂದ ಆಗುವುದಿಲ್ಲ. ಗ್ರಿಪ್, ಕ್ಲಬ್ಬಿನ (ಚೆಂಡು ಹೊಡೆಯುವ ಕೋಲಿನ) ಮುಖ, ಚೆಂಡು ಹೋಗುವ ದಾರಿ, ಇವನ್ನೆಲ್ಲ ನಿಮ್ಮ ಕೋಚ್ ನೋಡಿಕೊಳ್ಳುತ್ತಾರೆ. ನಾನು ಮಾತಾಡುವುದು ಆ ಕ್ಲಬ್ ಹಿಡಿದು ನಿಂತಿರುವ ಮೈಯ ಬಗ್ಗೆ.

ಗಾಲ್ಫ್ ಅಂದರೆ ಮೈಗೆ ಏನೂ ಆಗದ ಆಟ ಅಂತ ತುಂಬಾ ಜನ ತಿಳಿದಿದ್ದಾರೆ. ಓಡುವ ಹಾಗಿಲ್ಲ. ಯಾರೂ ಬಂದು ಗುದ್ದುವುದಿಲ್ಲ. ಚೆಂಡು ಕೂಡ ಸುಮ್ನೆ ಕೂತಿರುತ್ತದೆ. ಆದರೂ ಈ ಆಟದಲ್ಲಿ ಮೊದಲು ಕೆಡುವುದು ಕೆಳಬೆನ್ನು. ದುಡ್ಡಿಗೆ ಆಡುವವರಿಗೂ ಅದೇ ಗೋಳು, ಭಾನುವಾರ ಆಡುವವರಿಗೂ ಅದೇ ಗೋಳು.

1990ರಲ್ಲಿ ಅಮೆರಿಕದ ಟಿಮೊತಿ ಹೋಸಿಯಾ ಮತ್ತು ಜೊತೆಗಾರರು ಸ್ವಿಂಗ್ ಮಾಡುವಾಗ, ಅಂದರೆ ಕ್ಲಬ್ ಬೀಸುವಾಗ, ಕೆಳಬೆನ್ನಿನ ಮೇಲೆ ಎಷ್ಟು ಭಾರ ಬೀಳುತ್ತದೆ ಅಂತ ಲೆಕ್ಕ ಹಾಕಿದರು. ಬಂದ ಉತ್ತರ, ಮೈ ತೂಕದ ಸುಮಾರು 8 ಪಟ್ಟು. 70 ಕಿಲೋ ತೂಗುವವರಿಗೆ ಒಂದು ಕ್ಷಣದ ಮಟ್ಟಿಗೆ 560 ಕಿಲೋ ಅಂದ ಹಾಗಾಯಿತು. ಹೊಡೆಯುತ್ತಿರುವುದು 46 ಗ್ರಾಮಿನ ಚೆಂಡನ್ನು! ಅದೇ ಅಧ್ಯಯನದಲ್ಲಿ ಇನ್ನೊಂದು ವಿಷಯ ಇತ್ತು. ನನಗೆ ಅದೇ ಮುಖ್ಯ. ಮೇಲಿಂದ ಒತ್ತುವ ಭಾರ ವೃತ್ತಿಪರರಿಗೂ ಹವ್ಯಾಸಿಗಳಿಗೂ ಹೆಚ್ಚುಕಡಿಮೆ ಒಂದೇ ಆಗಿತ್ತು. ಆದರೆ ಬೆನ್ನುಮೂಳೆಯನ್ನು ಪಕ್ಕಕ್ಕೆ ಬಗ್ಗಿಸುವ, ತಿರುಚುವ, ಒಂದು ಮಣಿಯ ಮೇಲೆ ಇನ್ನೊಂದನ್ನು ಜಾರಿಸುವ ಬಲಗಳು ಹವ್ಯಾಸಿಗಳಲ್ಲಿ ತುಂಬಾ ಜಾಸ್ತಿ ಇದ್ದವು. ಅಂದರೆ ಚೆಂಡನ್ನು ಕಡಿಮೆ ದೂರ ಹೊಡೆಯುವವರೇ ಬೆನ್ನಿಗೆ ಹೆಚ್ಚು ಕಷ್ಟ ಕೊಡುತ್ತಿದ್ದರು.

ಯಾಕೆ ಹೀಗೆ? ತಿರುಗಬಾರದ ಜಾಗವನ್ನು ತಿರುಗಿಸಲು ಹೋಗುವುದರಿಂದ. ಇವತ್ತು ನಾನು ಹೇಳಲು ಬಂದಿರುವುದೂ ಇಷ್ಟೇ.

ನಮ್ಮ ಕೆಳಬೆನ್ನಿನಲ್ಲಿ ಐದು ಮಣಿಗಳಿವೆ. ಅವುಗಳ ಹಿಂಭಾಗದಲ್ಲಿ ಪುಟ್ಟ ಕೀಲುಗಳಿವೆ. ಮುಂದಕ್ಕೆ ಬಗ್ಗಲು, ಹಿಂದಕ್ಕೆ ಬಾಗಲು ಅವು ಆರಾಮಾಗಿ ಬಿಡುತ್ತವೆ. ತಿರುಗಲು ಹೋದರೆ ಒಂದಕ್ಕೊಂದು ತಗುಲಿ ತಡೆಯುತ್ತವೆ. ಒಂದೊಂದು ಮಣಿಯ ಮಟ್ಟದಲ್ಲಿ ಒಂದು ಕಡೆಗೆ ಒಂದೆರಡು ಡಿಗ್ರಿ ತಿರುಗಬಹುದು, ಅಷ್ಟೇ. ಅದರ ಮೇಲೆ ಪಕ್ಕೆಲುಬುಗಳು ಕೂಡಿಕೊಂಡಿರುವ 12 ಮಣಿಗಳ ಮೇಲ್ಬೆನ್ನು ಇದೆ. ಅಲ್ಲಿನ ಕೀಲುಗಳ ದಿಕ್ಕೇ ಬೇರೆ. ತಿರುಗುವುದಕ್ಕೆ ಅವು ಅಡ್ಡಿ ಮಾಡುವುದಿಲ್ಲ. ಬೆನ್ನಿನ ಕೆಳಗೆ, ಬೆಲ್ಟ್ ಕಟ್ಟುವ ಜಾಗದಲ್ಲಿರುವ ಎಲುಬಿನ ಭಾಗ ಪೆಲ್ವಿಸ್. ಅದು ಎರಡು ತೊಡೆಕೀಲುಗಳ ಮೇಲೆ ಕೂತಿದೆ. ಈ ತೊಡೆಕೀಲು ಎಲ್ಲ ದಿಕ್ಕಿಗೂ ತಿರುಗಬಲ್ಲದು.

ಹಾಗಾದರೆ ಒಳ್ಳೆಯ ಆಟಗಾರರು ಬ್ಯಾಕ್‌ಸ್ವಿಂಗ್‌ನಲ್ಲಿ (ಕ್ಲಬ್ಬನ್ನು ಹಿಂದಕ್ಕೆ ಎತ್ತುವಾಗ) ಭುಜವನ್ನು 90 ಡಿಗ್ರಿ ತಿರುಗಿಸುತ್ತಾರಲ್ಲ, ಅದು ಎಲ್ಲಿಂದ ಬರುತ್ತದೆ? ಸುಮಾರು ಅರ್ಧ ತೊಡೆಕೀಲಿನಿಂದ, ಉಳಿದದ್ದರಲ್ಲಿ ಹೆಚ್ಚು ಪಾಲು ಮೇಲ್ಬೆನ್ನಿನಿಂದ. ಕೆಳಬೆನ್ನಿನ ಪಾಲು ತುಂಬಾ ಚಿಕ್ಕದು. ಈಗ ದಿನಕ್ಕೆ ಹತ್ತು ಗಂಟೆ ಕುರ್ಚಿಯಲ್ಲಿ ಕೂರುವ ಮನುಷ್ಯನನ್ನು ನೆನೆಸಿಕೊಳ್ಳಿ. ಅವನ ತೊಡೆಕೀಲು ಬಿಗಿದಿದೆ, ಮೇಲ್ಬೆನ್ನು ಗೂನು ಬಿದ್ದು ಗಟ್ಟಿಯಾಗಿದೆ. ಕೋಚ್ ಮಾತ್ರ "ಫುಲ್ ಟರ್ನ್ ಮಾಡಿ ಸರ್" ಅನ್ನುತ್ತಿದ್ದಾರೆ. ಮೇಲೂ ಕೆಳಗೂ ಸಿಗದ ಡಿಗ್ರಿಗಳನ್ನು ಆ ಮೈ ಮಧ್ಯದಿಂದ ಕಿತ್ತುಕೊಳ್ಳುತ್ತದೆ.

ಇದಕ್ಕೆ ಟೈಗರ್ ವುಡ್ಸ್‌ಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. 2014 ಮತ್ತು 2015ರಲ್ಲಿ ಅವರ ಬೆನ್ನಿಗೆ ಒಟ್ಟು ಮೂರು ಶಸ್ತ್ರಚಿಕಿತ್ಸೆ ಆದವು. ನೋವು ಹೋಗಲಿಲ್ಲ. 2017ರ ಏಪ್ರಿಲ್‌ನಲ್ಲಿ ಕೆಳಬೆನ್ನಿನ ಕೊನೆಯ ಮಣಿಯನ್ನು ಅದರ ಕೆಳಗಿನ ಮೂಳೆಗೆ ಸೇರಿಸಿ ಬೆಸೆದರು. ಅಂದರೆ ಆ ಜಾಗ ಇನ್ನು ಒಂದು ಡಿಗ್ರಿಯೂ ಅಲ್ಲಾಡುವುದಿಲ್ಲ. ಗಾಲ್ಫ್ ಮುಗಿಯಿತು ಅಂತ ತುಂಬಾ ಜನ ಬರೆದರು. 2018ರಲ್ಲಿ ಟೂರ್ ಚಾಂಪಿಯನ್‌ಷಿಪ್ ಗೆದ್ದರು. 2019ರ ಏಪ್ರಿಲ್‌ನಲ್ಲಿ ಗಾಲ್ಫಿನ ದೊಡ್ಡ ಟೂರ್ನಿಗಳಲ್ಲೊಂದಾದ ಮಾಸ್ಟರ್ಸ್ ಅನ್ನು ಐದನೆಯ ಸಲ ಗೆದ್ದರು. ಟೈಗರ್ ಬೆನ್ನು ಕೆಟ್ಟಿದ್ದಕ್ಕೆ ಸ್ವಿಂಗ್ ಒಂದೇ ಕಾರಣ ಅಂತ ನಾನು ಹೇಳುವುದಿಲ್ಲ. ಅವರು ಜಿಮ್‌ನಲ್ಲಿ, ಓಟದಲ್ಲಿ ಮೈಯನ್ನು ಇನ್ನಿಲ್ಲದಂತೆ ದಂಡಿಸಿದವರು. ನಾನು ಹೇಳುವುದು ಬೇರೆ: ಕೆಳಬೆನ್ನಿನ ಒಂದು ಕೀಲು ಪೂರ್ತಿ ನಿಂತುಹೋದ ಮನುಷ್ಯ ಮಾಸ್ಟರ್ಸ್ ಗೆದ್ದ ಅಂದ ಮೇಲೆ, ಸ್ವಿಂಗಿಗೆ ಆ ಕೀಲಿನ ತಿರುಗಾಟ ಎಷ್ಟು ಬೇಕಿತ್ತು?

ಸರಿ, ಹಾಗಾದರೆ ನಡುವಿನ ಈ ಭಾಗಕ್ಕೆ ಕೆಲಸ ಏನು? ಇಲ್ಲಿಗೇ ಕೋರ್, ಅಂದರೆ ನಡುವನ್ನು ಹಿಡಿದಿಡುವ ಸ್ನಾಯುಗಳ, ಮಾತು ಬರುತ್ತದೆ.

ಸ್ವಿಂಗಿನ ವೇಗ ನೋಡಿ. ಬ್ಯಾಕ್‌ಸ್ವಿಂಗ್‌ಗೆ ಸುಮಾರು ಮುಕ್ಕಾಲು ಸೆಕೆಂಡು. ಕ್ಲಬ್ಬನ್ನು ಚೆಂಡಿನ ಕಡೆಗೆ ಇಳಿಸುವ ಡೌನ್‌ಸ್ವಿಂಗ್‌ಗೆ ಕಾಲು ಸೆಕೆಂಡು. ಕ್ಲಬ್ಬಿಗೂ ಚೆಂಡಿಗೂ ಸಂಪರ್ಕ ಇರುವುದು ಸೆಕೆಂಡನ್ನು ಎರಡು ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿನಷ್ಟು ಹೊತ್ತು. ಆ ಕಾಲು ಸೆಕೆಂಡಿನಲ್ಲಿ ಯೋಚನೆ ಮಾಡಿ ತಿದ್ದಿಕೊಳ್ಳುವುದು ಆಗದ ಮಾತು. ಮೈ ತನ್ನಷ್ಟಕ್ಕೆ ಒಂದು ಕ್ರಮದಲ್ಲಿ ಕೆಲಸ ಮಾಡಬೇಕು. ಮೊದಲು ಪೆಲ್ವಿಸ್ ಚೆಂಡಿನ ಕಡೆಗೆ ತಿರುಗಲು ಶುರು ಮಾಡುತ್ತದೆ. ಅದು ತನ್ನ ಹೆಚ್ಚಿನ ವೇಗ ಮುಟ್ಟಿ ನಿಧಾನವಾಗುತ್ತಿದ್ದಂತೆ ಎದೆ ವೇಗ ಹಿಡಿಯುತ್ತದೆ. ಎದೆ ನಿಧಾನವಾಗುತ್ತಾ ತೋಳು, ತೋಳು ನಿಧಾನವಾಗುತ್ತಾ ಕ್ಲಬ್. ಚಾಟಿ ಬೀಸುವವರನ್ನು ನೋಡಿದ್ದೀರಲ್ಲ? ಕೈ ತಟ್ಟನೆ ನಿಂತಾಗಲೇ ತುದಿ ಸಿಡಿಯುವುದು. ಒಳ್ಳೆಯ ಆಟಗಾರರಲ್ಲಿ ಪೆಲ್ವಿಸ್ಸಿನ ವೇಗ ಸೆಕೆಂಡಿಗೆ 500 ಡಿಗ್ರಿ ಆಸುಪಾಸು ಇದ್ದರೆ, ಕ್ಲಬ್ಬಿನ ವೇಗ 2000 ದಾಟುತ್ತದೆ.

ಗಮನಿಸಿ, ಇಲ್ಲಿ ವೇಗ ಹೆಚ್ಚಿಸುವಷ್ಟೇ ಮುಖ್ಯವಾದ ಕೆಲಸ ನಿಲ್ಲಿಸುವುದು. ಪೆಲ್ವಿಸ್ ಸರಿಯಾದ ಹೊತ್ತಿಗೆ ನಿಧಾನವಾಗದಿದ್ದರೆ ಎದೆಗೆ ವೇಗ ದಾಟುವುದಿಲ್ಲ. ದಾಟುವ ದಾರಿಯಲ್ಲಿ ಹೊಟ್ಟೆ, ಬೆನ್ನು ಮೆತ್ತಗಿದ್ದರೆ ಅರ್ಧ ವೇಗ ಅಲ್ಲೇ ಸೋರಿಹೋಗುತ್ತದೆ. ಆಗ ಆಟಗಾರ ತೋಳಿನಿಂದಲೇ ಬಲ ಹಾಕಿ ಹೊಡೆಯುತ್ತಾನೆ. ಮೊಣಕೈ ನೋವು ಶುರುವಾಗುವುದು ಎಷ್ಟೋ ಸಲ ಹೀಗೆ. ಕೋರ್ ಅಂದರೆ ಹೊಟ್ಟೆಯ ಮುಂದೆ ಕಾಣುವ ಗೆರೆಗಳಷ್ಟೇ ಅಲ್ಲ. ಪಕ್ಕದಲ್ಲಿ ಓರೆಯಾಗಿ ಹಾದುಹೋಗುವ ಸ್ನಾಯುಗಳು, ಒಳಗೆ ಸುತ್ತಿಕೊಂಡಿರುವ ಪದರ, ಬೆನ್ನುಮೂಳೆಗೆ ಅಂಟಿಕೊಂಡ ಚಿಕ್ಕ ಸ್ನಾಯುಗಳು, ಮೇಲೆ ಉಸಿರಾಟದ ಸ್ನಾಯುವಾದ ಡಯಾಫ್ರಂ, ಕೆಳಗೆ ಪೆಲ್ವಿಸ್ಸಿನ ತಳ, ಇಷ್ಟೂ ಸೇರಿ ಕೋರ್. ಹಿಂಬದಿಯ ಗ್ಲೂಟ್ ಸ್ನಾಯುಗಳನ್ನೂ ನಾನು ಈ ಲೆಕ್ಕಕ್ಕೇ ಸೇರಿಸುತ್ತೇನೆ. ಪುಸ್ತಕದಲ್ಲಿ ಹಾಗಿಲ್ಲ ಅಂತ ಯಾರಾದರೂ ಜಗಳ ಆಡಿದರೂ ಪರವಾಗಿಲ್ಲ.

ಬಲಗೈ ಆಟಗಾರ ಡೌನ್‌ಸ್ವಿಂಗ್‌ನಲ್ಲಿ ಎಡಕ್ಕೆ ತಿರುಗುವಾಗ ಬಲಪಕ್ಕೆಯ ಹೊರ ಓರೆ ಸ್ನಾಯುವೂ ಎಡಪಕ್ಕೆಯ ಒಳ ಓರೆ ಸ್ನಾಯುವೂ ಜೊತೆಯಾಗಿ ಎಳೆಯುತ್ತವೆ. ಅದೇ ಹೊತ್ತಿಗೆ ಬಲಪಕ್ಕೆ ಸ್ವಲ್ಪ ಕುಗ್ಗಿ, ಮೈ ಬಲಕ್ಕೆ ಬಾಗಿರುತ್ತದೆ. ಪಕ್ಕಕ್ಕೆ ಬಾಗುವುದು, ರಭಸದಿಂದ ತಿರುಗುವುದು, ಎರಡೂ ಒಟ್ಟಿಗೆ ಬಂದಾಗ ಬೆನ್ನಿನ ಬಲಗಡೆಯ ಕೀಲುಗಳಿಗೆ ಪೆಟ್ಟು. ಕ್ರಿಕೆಟ್ ನೋಡುವವರಿಗೆ ಇದು ಗೊತ್ತಿರುವ ಕಥೆಯೇ. ವೇಗದ ಬೌಲರ್‌ಗಳ ಬೆನ್ನು ಕೆಡುವುದೂ ಇದೇ ಎರಡು ಚಲನೆ ಕೂಡಿದಾಗ. ನಮ್ಮ ಪ್ರಸಿದ್ಧ್ ಕೃಷ್ಣ 2022ರಿಂದ ತಿಂಗಳುಗಟ್ಟಲೆ ಆಟದಿಂದ ಹೊರಗಿದ್ದದ್ದು ಕೆಳಬೆನ್ನಿನ ಮೂಳೆಯಲ್ಲಿ ಬಂದ ಬಿರುಕಿನಿಂದ. ಬೌಲರ್ ಓಡಿ ಬಂದು ನೆಲಕ್ಕೆ ಕಾಲು ಅಪ್ಪಳಿಸುತ್ತಾನೆ, ಗಾಲ್ಫರ್ ನಿಂತಲ್ಲೇ ಇರುತ್ತಾನೆ. ಹಾಗಾಗಿ ಅಷ್ಟು ಬೇಗ ಬಿರುಕು ಬರುವುದಿಲ್ಲ. ಆದರೆ ಬೌಲರ್ ಮೂವತ್ತೈದಕ್ಕೆ ನಿಲ್ಲಿಸುತ್ತಾನೆ. ನೀವು ಎಪ್ಪತ್ತರವರೆಗೂ ಆಡುತ್ತೀರಿ.

ಹಳೆಯ ಕಾಲದ ಸ್ವಿಂಗ್ ಬೆನ್ನಿಗೆ ಇಷ್ಟು ಕಠಿಣವಾಗಿರಲಿಲ್ಲ. ಬಾಬಿ ಜೋನ್ಸ್, ಆಮೇಲೆ 18 ಮೇಜರ್ (ಗಾಲ್ಫಿನ ದೊಡ್ಡ ಟೂರ್ನಿ) ಗೆದ್ದ ಜ್ಯಾಕ್ ನಿಕ್ಲಾಸ್, ಇಬ್ಬರೂ ಬ್ಯಾಕ್‌ಸ್ವಿಂಗ್‌ನಲ್ಲಿ ಎಡ ಹಿಮ್ಮಡಿಯನ್ನು ನೆಲದಿಂದ ಎತ್ತುತ್ತಿದ್ದರು. ಹಿಮ್ಮಡಿ ಎತ್ತಿದರೆ ಪೆಲ್ವಿಸ್ ಸಲೀಸಾಗಿ ತಿರುಗುತ್ತದೆ. ಬೆನ್ನಿಗೆ ತಿರುಚುವ ಕೆಲಸ ಕಡಿಮೆ. 1992ರಲ್ಲಿ ಅಮೆರಿಕದ ಕೋಚ್ ಜಿಮ್ ಮೆಕ್ಲೀನ್ ಎಕ್ಸ್ ಫ್ಯಾಕ್ಟರ್ ಅನ್ನುವ ಮಾತು ತಂದರು. ಭುಜ ಎಷ್ಟು ತಿರುಗಿತು, ಪೆಲ್ವಿಸ್ ಎಷ್ಟು ತಿರುಗಿತು, ಇವೆರಡರ ಅಂತರ ಹೆಚ್ಚಾದಷ್ಟೂ ಚೆಂಡು ದೂರ ಹೋಗುತ್ತದೆ ಅನ್ನುವ ವಾದ ಅದು. ವಾದದಲ್ಲಿ ಹುರುಳಿದೆ. ಆದರೆ ಅದನ್ನು ಓದಿದ ಸಾವಿರಾರು ಜನ ಪೆಲ್ವಿಸ್ಸನ್ನು ಬಿಗಿಹಿಡಿದು ಭುಜವನ್ನು ಮಾತ್ರ ತಿರುಗಿಸಲು ಹೊರಟರು. ಇಪ್ಪತ್ತೆರಡರ ಹುಡುಗನಿಗೆ ಅದು ಆದೀತು. ಐವತ್ತೈದು ದಾಟಿದವರು ನನ್ನನ್ನು ಕೇಳಿದರೆ, ಧಾರಾಳವಾಗಿ ಹಿಮ್ಮಡಿ ಎತ್ತಿ, ಬಲಪಾದವನ್ನು ಸ್ವಲ್ಪ ಹೊರಕ್ಕೆ ತಿರುಗಿಸಿಕೊಂಡು ನಿಲ್ಲಿ ಅನ್ನುತ್ತೇನೆ. ಕೋಚ್‌ಗೆ ಇಷ್ಟ ಆಗದಿದ್ದರೆ ನಿಕ್ಲಾಸ್ ಹೆಸರು ಹೇಳಿ.

ದೂರದ ಹುಚ್ಚಿನ ಬಗ್ಗೆಯೂ ಒಂದು ಮಾತು. ಅಮೆರಿಕದ ಗಾಲ್ಫರ್ ಬ್ರೈಸನ್ ಡಿಶಾಂಬೋ ಮೈ ತೂಕ, ಬಲ ಎರಡನ್ನೂ ಏರಿಸಿಕೊಂಡು 2020ರ ಯುಎಸ್ ಓಪನ್ ಗೆದ್ದ ಮೇಲೆ ನಮ್ಮ ಜಿಮ್‌ಗಳಲ್ಲೂ ಗಾಲ್ಫರ್‌ಗಳ ಸಂಖ್ಯೆ ಏರಿತು. ಒಳ್ಳೆಯದೇ. ಅದರ ಮರುವರ್ಷ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಆಡಿದ್ದನ್ನು ನೆನಪಿಸಿಕೊಳ್ಳಿ. ಅದಕ್ಕೂ ಸ್ವಲ್ಪ ತಿಂಗಳ ಮುಂಚೆ ಕೋವಿಡ್ ಬಂದು ಮೈ ಸೋತಿತ್ತು. ದೂರ ಹೊಡೆಯುವ ಕ್ಲಬ್ಬಾದ ಡ್ರೈವರ್‌ನಲ್ಲಿ ಆಕೆ ಹೊಡೆಯುತ್ತಿದ್ದ ದೂರ ಅಲ್ಲಿದ್ದ ಆಟಗಾರ್ತಿಯರಲ್ಲೇ ತೀರಾ ಕಡಿಮೆ. ಆದರೂ ನಾಲ್ಕನೆಯ ಸ್ಥಾನ, ಕಂಚು ತಪ್ಪಿದ್ದು ಒಂದೇ ಒಂದು ಸ್ಟ್ರೋಕ್‌ನಿಂದ (ಹೊಡೆತದಿಂದ). 1876ರಿಂದ ಗಾಲ್ಫ್ ಕ್ಲಬ್ ಇರುವ ನಮ್ಮ ಊರು ಅವತ್ತು ಬೆಳಗ್ಗೆ ಮೊದಲ ಸಲ ಗಾಲ್ಫ್ ನೋಡಲು ಟಿವಿ ಮುಂದೆ ಕೂತಿತು ಅನ್ನಬೇಕು. ಬಲ ಬೇಡ ಅಂತಲ್ಲ. ಇದ್ದ ಬಲವನ್ನು ಸೋರದಂತೆ ಚೆಂಡಿಗೆ ಮುಟ್ಟಿಸುವುದು ಮೊದಲು, ಬಲ ಹೆಚ್ಚಿಸುವುದು ಆಮೇಲೆ.

ಈಗ ಕೂತಲ್ಲೇ ಎರಡು ಪರೀಕ್ಷೆ ಮಾಡೋಣ. ಕುರ್ಚಿಯ ತುದಿಗೆ ಬನ್ನಿ. ಮಂಡಿ, ಪಾದ ಜೋಡಿಸಿ. ಕೈಗಳನ್ನು ಎದೆಯ ಮೇಲೆ ಅಡ್ಡ ಕಟ್ಟಿ. ಮಂಡಿ ಒಂದಕ್ಕಿಂತ ಒಂದು ಮುಂದೆ ಹೋಗದಂತೆ ನೋಡಿಕೊಂಡು ಎದೆಯನ್ನು ಬಲಕ್ಕೆ ತಿರುಗಿಸಿ, ಆಮೇಲೆ ಎಡಕ್ಕೆ. ನೇರಕ್ಕೂ ಪೂರ್ತಿ ಪಕ್ಕಕ್ಕೂ ನಡುವಿನ ಗೆರೆ, ಅಂದರೆ 45 ಡಿಗ್ರಿ, ಅಲ್ಲಿಯವರೆಗೆ ಬರಬೇಕು. ಬಾರದವರ ಮೇಲ್ಬೆನ್ನು ಬಿಗಿಯಾಗಿದೆ. ಇಷ್ಟು ನಗು ಬರುತ್ತಿದೆ ಅಂದರೆ ತುಂಬಾ ಜನರಿಗೆ ಬರಲಿಲ್ಲ ಅಂತ ಅರ್ಥ.

ಎರಡನೆಯದು ತೊಡೆಕೀಲಿಗೆ. ಎತ್ತರದ ಮೇಜಿನ ಮೇಲೆ ಕಾಲು ಇಳಿಬಿಟ್ಟು ಕೂರಿ. ಮಂಡಿ ಅಲ್ಲೇ ಇರಲಿ, ಪಾದವನ್ನು ಮಾತ್ರ ಹೊರಗಡೆಗೆ ಒಯ್ಯಿರಿ. ಪಾದ ಹೊರಕ್ಕೆ ಹೋದಾಗ ತೊಡೆಕೀಲು ಒಳಕ್ಕೆ ತಿರುಗುತ್ತದೆ. ಎರಡೂ ಕಾಲಿನಲ್ಲಿ ನೋಡಿ. ಬಲಗೈ ಆಟಗಾರರಿಗೆ ಎಡಗಾಲು ತುಂಬಾ ಮುಖ್ಯ. ಡೌನ್‌ಸ್ವಿಂಗ್ ಮುಗಿಯುವಾಗ ಇಡೀ ಪೆಲ್ವಿಸ್ ಆ ಎಡ ತೊಡೆಕೀಲಿನ ಮೇಲೆ ತಿರುಗಿ ನಿಲ್ಲುತ್ತದೆ. 2004ರಲ್ಲಿ ಪ್ರಕಟವಾದ ವೃತ್ತಿಪರ ಗಾಲ್ಫರ್‌ಗಳ ಅಧ್ಯಯನವೊಂದರಲ್ಲಿ ಬೆನ್ನು ನೋವು ಇದ್ದವರಿಗೂ ಇಲ್ಲದವರಿಗೂ ಕಂಡ ಮುಖ್ಯ ವ್ಯತ್ಯಾಸಗಳಲ್ಲಿ ಇದೂ ಒಂದು: ನೋವಿದ್ದವರಲ್ಲಿ ಮುಂದಿನ ಕಾಲಿನ, ಅಂದರೆ ಬಲಗೈ ಆಟಗಾರರಲ್ಲಿ ಎಡಗಾಲಿನ, ತೊಡೆಕೀಲು ಒಳಕ್ಕೆ ತಿರುಗುವುದು ಕಡಿಮೆ ಇತ್ತು. ಬೆನ್ನು ನೋವು ಅಂತ ಬಂದವರ ಬೆನ್ನು ಮುಟ್ಟುವ ಮುಂಚೆ ನಾನು ತೊಡೆಕೀಲು ನೋಡುವುದು ಇದಕ್ಕೇ. ಕೆಲವರು ಮುಖ ಸಿಂಡರಿಸುತ್ತಾರೆ, ನಾನು ತೋರಿಸಿದ ಜಾಗವೇ ಬೇರೆಯಲ್ಲಾ ಅಂತ.

ಇನ್ನು ವ್ಯಾಯಾಮ. ಕ್ರಂಚ್, ಸಿಟ್ ಅಪ್, ಕೂತು ಭಾರ ಹಿಡಿದು ಅತ್ತಿತ್ತ ತಿರುಗುವ ರಷ್ಯನ್ ಟ್ವಿಸ್ಟ್, ಇವು ಮೂರನ್ನೂ ಬಿಡಿ. ಬೆನ್ನು ಬಗ್ಗಿಸಿ, ಅದರ ಮೇಲೆ ತಿರುಚಿ, ಅದರ ಮೇಲೆ ಭಾರ ಹಾಕುವುದನ್ನು ಗಾಲ್ಫ್ ಆಗಲೇ ನಿಮಗೆ ಬೇಕಾದಷ್ಟು ಮಾಡಿಸುತ್ತಿದೆ. ಕೆನಡಾದ ಬೆನ್ನುಮೂಳೆ ತಜ್ಞ ಸ್ಟುವರ್ಟ್ ಮೆಕ್ಗಿಲ್ ಹೇಳಿಕೊಟ್ಟ ಮೂರು ಸಾಕು. ಒಂದು, ಅಂಬೆಗಾಲಿನಲ್ಲಿ ನಿಂತು ಎದುರುಬದುರು ಕೈ ಕಾಲು ಚಾಚುವ ಬರ್ಡ್ ಡಾಗ್. ಎರಡು, ಸೈಡ್ ಪ್ಲ್ಯಾಂಕ್. ಮೂರು, ಕೆಳಬೆನ್ನಿನ ಕೆಳಗೆ ಅಂಗೈ ಇಟ್ಟುಕೊಂಡು ತಲೆ, ಭುಜ ಮಾತ್ರ ಸ್ವಲ್ಪ ಎತ್ತುವ ಕರ್ಲ್ ಅಪ್. ಪ್ರತಿಯೊಂದನ್ನೂ ಹತ್ತು ಸೆಕೆಂಡು ಹಿಡಿದು ಬಿಡುವುದು, ಉಸಿರು ಕಟ್ಟದೆ. ಇವು ಮೂರರಲ್ಲೂ ಬೆನ್ನು ಅಲ್ಲಾಡುವುದಿಲ್ಲ ಅನ್ನುವುದನ್ನು ನೋಡಿ.

ಇದರ ಮೇಲೆ ನಾನು ಸೇರಿಸುವುದು ಪ್ಯಾಲೋಫ್ ಪ್ರೆಸ್. ರಬ್ಬರ್ ಬ್ಯಾಂಡನ್ನು ಕಿಟಕಿ ಸರಳಿಗೆ ಎದೆಯ ಮಟ್ಟಕ್ಕೆ ಕಟ್ಟಿ. ಕಿಟಕಿ ನಿಮ್ಮ ಪಕ್ಕಕ್ಕೆ ಬರುವಂತೆ ನಿಂತು, ಬ್ಯಾಂಡನ್ನು ಎರಡೂ ಕೈಯಲ್ಲಿ ಹಿಡಿದು ಎದೆಯಿಂದ ಮುಂದಕ್ಕೆ ಚಾಚಿ. ಬ್ಯಾಂಡ್ ನಿಮ್ಮನ್ನು ಕಿಟಕಿಯ ಕಡೆ ತಿರುಗಿಸಲು ಎಳೆಯುತ್ತದೆ. ನೀವು ತಿರುಗಬಾರದು. ಅಷ್ಟೇ ವ್ಯಾಯಾಮ. ನೋಡಲು ಏನೂ ಇಲ್ಲ, ಮಾಡಿದರೆ ಗೊತ್ತಾಗುತ್ತದೆ. ಜೊತೆಗೆ ಬೆನ್ನ ಮೇಲೆ ಮಲಗಿ ಮಂಡಿ ಮಡಚಿ ಹಿಂಭಾಗ ಎತ್ತುವ ಬ್ರಿಡ್ಜ್. ಇಷ್ಟು ಸಲೀಸಾದ ಮೇಲೆ, ಎರಡು ಮೂರು ಕಿಲೋದ ಮೆಡಿಸಿನ್ ಬಾಲನ್ನು ಗೋಡೆಗೆ ಪಕ್ಕದಿಂದ ಎಸೆಯುವುದು. ಅಲ್ಲಿ ಮಾತ್ರ ವೇಗ ಬೇಕು. ನಿಧಾನವಾಗಿ ಎಸೆದರೆ ಪ್ರಯೋಜನ ಇಲ್ಲ.

ಕೊನೆಯದಾಗಿ, ನಮ್ಮ ಊರಿನ ಗಾಲ್ಫರ್‌ಗಳ ಒಂದು ಅಭ್ಯಾಸದ ಬಗ್ಗೆ ಹೇಳಲೇಬೇಕು. ಐದು ಗಂಟೆಗೆ ಏಳುತ್ತೀರಿ. ಕಾಫಿ ಕುಡಿದು ಕಾರು ಹತ್ತುತ್ತೀರಿ. ಬೆಂಗಳೂರಿನಲ್ಲಿ ಟ್ರಾಫಿಕ್ ಇಲ್ಲದ ಹೊತ್ತು ಅದೊಂದೇ, ಒಪ್ಪುತ್ತೇನೆ. ಆರಕ್ಕೆ ಮೊದಲ ಟೀ, ಅಂದರೆ ಆಟ ಶುರುವಾಗುವ ಜಾಗ. ನೇರವಾಗಿ ಡ್ರೈವರ್ ತೆಗೆದು ಪೂರ್ತಿ ಬಲ ಹಾಕಿ ಹೊಡೆಯುತ್ತೀರಿ. ರಾತ್ರಿ ಮಲಗಿದ್ದಾಗ ಬೆನ್ನಿನ ಮಣಿಗಳ ನಡುವಿನ ಮೆತ್ತೆಗಳಾದ ಡಿಸ್ಕ್‌ಗಳು ನೀರು ಹೀರಿಕೊಂಡು ಊದಿರುತ್ತವೆ. ಬೆಳಗ್ಗೆ ನಾವು ಒಂದೆರಡು ಸೆಂಟಿಮೀಟರ್ ಎತ್ತರ ಜಾಸ್ತಿ ಇರುವುದು ಇದಕ್ಕೇ. ಹಾಗೆ ಊದಿದ ಡಿಸ್ಕ್ ಬಗ್ಗುವುದಕ್ಕೆ, ತಿರುಚುವುದಕ್ಕೆ ಒಗ್ಗುವುದಿಲ್ಲ. ಎದ್ದ ಮೊದಲ ಒಂದು ಗಂಟೆ ಬೆನ್ನಿಗೆ ತುಂಬಾ ಸೂಕ್ಷ್ಮದ ಸಮಯ. ಆ ಗಂಟೆಯ ಅರ್ಧವನ್ನು ನೀವು ಕಾರ್ ಸೀಟಿನಲ್ಲಿ ಬೆನ್ನು ಬಗ್ಗಿಸಿಕೊಂಡೇ ಕಳೆದಿರುತ್ತೀರಿ.

ಅರ್ಧ ಗಂಟೆ ಮುಂಚೆ ಏಳಿ ಅಂದರೆ ಮನೆಯಲ್ಲಿ ಬೈಯುತ್ತಾರೆ, ಗೊತ್ತು. ಮನೆಯಲ್ಲೇ ಓಡಾಡಿ. ಕಾಫಿಯನ್ನು ನಿಂತೇ ಕುಡಿಯಿರಿ. ಕ್ಲಬ್ ತಲುಪಿದ ಮೇಲೆ ಐದು ನಿಮಿಷ ಬಿರುಸಾಗಿ ನಡೆಯಿರಿ, ಕಾಲು ಮುಂದೆ ಹಿಂದೆ ಬೀಸಿ, ಕ್ಲಬ್ಬನ್ನು ಭುಜದ ಮೇಲೆ ಅಡ್ಡ ಇಟ್ಟುಕೊಂಡು ನಿಧಾನಕ್ಕೆ ತಿರುಗಿ. ಹತ್ತಿರಕ್ಕೆ ಹೊಡೆಯುವ ವೆಡ್ಜ್‌ನಿಂದ ಶುರು ಮಾಡಿ, ಮಧ್ಯದ ಐರನ್‌ಗಳು ಆದ ಮೇಲೆ ಡ್ರೈವರ್. ಸೂರ್ಯ ನಮಸ್ಕಾರ ಮಾಡುವವರು ಮುಂದಕ್ಕೆ ಬಗ್ಗುವ ಆಸನಗಳನ್ನು ಎದ್ದ ತಕ್ಷಣ ಮಾಡದೆ, ಸ್ವಲ್ಪ ಓಡಾಡಿದ ಮೇಲೆ ಮಾಡಿ.

ಇನ್ನು ನಿಮ್ಮ ಪ್ರಶ್ನೆಗಳು.

"ಮೇಡಂ, ಬೆಲ್ಟ್ ಹಾಕಿಕೊಂಡು ಆಡಬಹುದಾ?"

ನೋವು ಜೋರಾಗಿರುವ ಕೆಲವು ದಿನ ಬೆಲ್ಟ್ ಹಾಯೆನಿಸುತ್ತದೆ. ಆದರೆ ಬೆಲ್ಟ್ ಬೇಕಾಗುವಷ್ಟು ನೋವಿದ್ದರೆ ಅವತ್ತು ಆಡಲೇಬಾರದು. ಬೆಲ್ಟ್ ಹಾಕಿದರೆ ಆಡಬಹುದು ಅನ್ನುವ ಧೈರ್ಯ ಬರುತ್ತದಲ್ಲ, ನನಗೆ ಭಯ ಅದರದ್ದೇ.

"ಎಂಆರ್‌ಐನಲ್ಲಿ ಡಿಸ್ಕ್ ಉಬ್ಬಿದೆ ಅಂತ ಬಂದಿದೆ. ಗಾಲ್ಫ್ ಬಿಡಬೇಕಾ?"

ನೋವೇ ಇಲ್ಲದವರನ್ನು ಮಲಗಿಸಿ ಎಂಆರ್‌ಐ ಮಾಡಿದರೂ ತುಂಬಾ ಜನರಲ್ಲಿ ಉಬ್ಬಿದ ಡಿಸ್ಕ್ ಕಾಣುತ್ತದೆ ಸರ್. ಬರೀ ಆ ಚಿತ್ರ ನೋಡಿ ಆಟ ಬಿಡಬೇಡಿ. ಕಾಲು ಜೋಮು ಹಿಡಿಯುವುದು, ಪಾದ ಎತ್ತಲು ಬಲ ಸಾಲದಿರುವುದು, ಮೂತ್ರ ಕಟ್ಟಿಕೊಳ್ಳುವುದು ಅಥವಾ ಹಿಡಿತ ತಪ್ಪುವುದು, ಇವುಗಳಲ್ಲಿ ಒಂದಿದ್ದರೂ ತಡ ಮಾಡದೆ ಡಾಕ್ಟರ ಹತ್ತಿರ ಓಡಿ. ಇಲ್ಲದಿದ್ದರೆ ನೋವು ಇಳಿದ ಮೇಲೆ ಪಟಿಂಗ್ (ಚೆಂಡನ್ನು ಕುಳಿಗೆ ಉರುಳಿಸುವುದು), ಚಿಪ್ಪಿಂಗ್ (ಹತ್ತಿರದಿಂದ ಮೆಲ್ಲಗೆ ಎತ್ತಿ ಹೊಡೆಯುವುದು), ಚಿಕ್ಕ ಐರನ್, ಹೀಗೆ ಒಂದೊಂದೇ ವಾಪಸ್ ತನ್ನಿ. ಪಟಿಂಗ್‌ನಲ್ಲೂ ಹುಷಾರು. ಬಲ ಬೇಡದಿದ್ದರೂ ತುಂಬಾ ಹೊತ್ತು ಬಗ್ಗಿ ನಿಂತಿರುತ್ತೀರಿ.

"ಬ್ಯಾಗ್ ಹೊರುವ ಕ್ಯಾಡಿಗಳ ಬೆನ್ನಿನ ಕಥೆ ಏನು?"

ಒಳ್ಳೆಯ ಪ್ರಶ್ನೆ. ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಒಂದೇ ಭುಜಕ್ಕೆ ಬ್ಯಾಗ್ ನೇತು ಹಾಕಿಕೊಂಡು 18 ಹೋಲ್ ನಡೆದರೆ ಮೈ ಒಂದೇ ಕಡೆ ವಾಲಿ ಪಕ್ಕೆಯ ಸ್ನಾಯು ಸೋಲುತ್ತದೆ. ಎರಡು ಪಟ್ಟಿಯ ಬ್ಯಾಗ್ ಕೊಡಿಸಿ, ಇಲ್ಲವೇ ತಳ್ಳುವ ಟ್ರಾಲಿ ಇರಲಿ. ಒಂದೇ ಕೈಯಲ್ಲಿ ಎಳೆಯುವ ಟ್ರಾಲಿಗಿಂತ ತಳ್ಳುವುದು ಮೇಲು. ಬ್ಯಾಗಿನಲ್ಲಿ ನೀವು ತುಂಬಿಕೊಂಡಿರುವ ಹಳೆಯ ಚೆಂಡುಗಳನ್ನು ಅರ್ಧ ಖಾಲಿ ಮಾಡಿದರೂ ಅವರಿಗೆ ಉಪಕಾರ.

"ನನ್ನ ಮಗಳಿಗೆ ಹನ್ನೊಂದು ವರ್ಷ. ಚೆನ್ನಾಗಿ ಆಡುತ್ತಾಳೆ. ಈಗಲೇ ಕೋರ್ ಟ್ರೈನಿಂಗ್ ಶುರು ಮಾಡಿಸಬೇಕಾ?"

ಬೇಡ ಅಮ್ಮ, ಆ ಹೆಸರಲ್ಲಿ ಬೇಡ. ಮರ ಹತ್ತಲಿ, ಈಜಲಿ, ಕುಂಟಾಬಿಲ್ಲೆ ಆಡಲಿ, ಚೆಂಡು ಎಸೆಯಲಿ. ಎರಡೂ ಕೈಯಲ್ಲಿ ಎಸೆಯುವುದನ್ನು ಕಲಿಸಿ. ಅಭ್ಯಾಸದ ಜಾಗವಾದ ರೇಂಜ್‌ಗೆ ಹೋದಾಗ ಬುಟ್ಟಿ ಮೇಲೆ ಬುಟ್ಟಿ ಚೆಂಡು ಹೊಡೆಸಬೇಡಿ. ಕೊನೆಗೆ ಒಂದಷ್ಟು ಸ್ವಿಂಗನ್ನು ಉಲ್ಟಾ ಕಡೆಯಿಂದ, ಚೆಂಡಿಲ್ಲದೆ ಬೀಸಲಿ. ವರ್ಷದಲ್ಲಿ ಕೆಲವು ತಿಂಗಳು ಬೇರೆ ಆಟ ಆಡಲಿ. ಬೆನ್ನು ನೋವು ಅಂತ ಅವಳು ಹೇಳಿದರೆ ಮಾತ್ರ ನಾಟಕ ಅಂದುಕೊಳ್ಳಬೇಡಿ. ಆ ವಯಸ್ಸಿನ ಮಕ್ಕಳಿಗೆ ಬೆನ್ನು ನೋವು ವಾರಗಟ್ಟಲೆ ಉಳಿದರೆ ಅದನ್ನು ತೋರಿಸಲೇಬೇಕು.